ಕೆಂಪು ಗೆರೆಯಿಲ್ಲದ ನಾಣ್ಯ

ನಮ್ಮೂರಿನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಪ್ರತಿ ಮನೆಯ ಮುಂದೆ ಒಂದು ಚಪ್ಪಟೆ ಕಲ್ಲಿರುತ್ತದೆ. ಬಂದವರು ತಮ್ಮ ನಾಣ್ಯವನ್ನು ಅದರ ಮೇಲೆ ಬೀಳಿಸುತ್ತಾರೆ. ಬಂದದ್ದು ಸೋದರತ್ತೆಯೋ ಮೊಸರಿನವಳೋ ಎಂಬುದು ಒಳಗಿದ್ದವರಿಗೆ ಸದ್ದಿನಲ್ಲೇ ತಿಳಿಯುತ್ತದೆ. ಮಗು ಹುಟ್ಟಿದ ಹನ್ನೊಂದನೆಯ ದಿನ ಟಂಕಸಾಲೆಯಲ್ಲಿ ಅದರ ಹೆಸರಿಗೆ ಒಂದು ನಾಣ್ಯ ಹೊಡೆಯುತ್ತಾರೆ. ಹದಿನಾರು ತುಂಬಿದಾಗ ಅದನ್ನು ಚಾವಡಿಯ ಕಲ್ಲಿನ ಮೇಲೆ ಎಲ್ಲರೆದುರು ಬೀಳಿಸಬೇಕು. ಅಂದಿನಿಂದ ಊರಿನ ಲೆಕ್ಕಕ್ಕೆ ಅವರೂ ಒಬ್ಬರು. ಬಾಗಿಲಿಗೆ ಕಲ್ಲು ಹಾಕಿಸಬಹುದು, ಮದುವೆಯಾಗಬಹುದು, ಸಾಕ್ಷಿ ಹೇಳಬಹುದು. ಸತ್ತ ದಿನ ನಾಣ್ಯವೂ ಮೂಕವಾಗುತ್ತದೆ. ಮಾಳಿಗೆಯಿಂದ ಬಿಟ್ಟರೂ ಹತ್ತಿಯ ಮೇಲೆ ಬಿದ್ದ ಹಾಗೆ ಬೀಳುತ್ತದೆ. ಅಂಥ ಮೂಕನಾಣ್ಯಗಳನ್ನು ಕೆಲವರು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ, ಕೆಲವರು ಸಂಗ್ರಹಕಾರರಿಗೆ ಕೊಡುತ್ತಾರೆ.

ಈ ನಾಣ್ಯಗಳು ಸಾಚಾನೋ ಖೋಟಾನೋ ಎಂದು ನೋಡಿ ಹೇಳುವ ಕೆಲಸ ನಮ್ಮ ಮನೆತನದ್ದು. ಅಜ್ಜನ ನಂತರ ಅಪ್ಪ ಚಿಕ್ಕವೀರಯ್ಯನವರು ಮೂವತ್ತು ವರ್ಷ ಆ ಕೆಲಸ ಮಾಡಿದರು. ಅವರ ಕಣ್ಣು ಮಂಜಾದ ಮೇಲೆ ನಮ್ಮಕ್ಕ ವನಮಾಲ ತಕ್ಕಡಿ ಹಿಡಿದಳು. ನಾನು ಅವಳಿಗಿಂತ ಆರು ವರ್ಷ ಚಿಕ್ಕವಳು, ದೋಣಿಕಟ್ಟೆಯ ಉಸ್ತುವಾರಿ ನನ್ನದು. ಈ ಕಥೆ ಅಕ್ಕನದು. ನನ್ನ ಪಾಲು ಇದರಲ್ಲಿ ಸ್ವಲ್ಪವೇ, ಆದರೂ ಅದಿಲ್ಲದೆ ಕಥೆ ಮುಂದೆ ಸಾಗುವುದಿಲ್ಲ.

ಅಕ್ಕನ ಕೆಲಸ ನೋಡುವುದಕ್ಕೆ ಸಲೀಸು. ನಮ್ಮೂರ ನಾಣ್ಯ ಮೂರು ಪದರದ್ದು: ನಡುವೆ ತಾಮ್ರ, ಅದರ ಎರಡು ಮೈಗೂ ತಾಮ್ರ ನಿಕ್ಕಲ್ ಬೆರೆಸಿದ ಬಿಳಿ ಹೊದಿಕೆ. ಅಂಚನ್ನು ಬೆಳಕಿಗೆ ಹಿಡಿದರೆ ಎರಡು ಬಿಳಿಯ ನಡುವೆ ಸಣ್ಣದೊಂದು ಕೆಂಪು ಗೆರೆ ಕಾಣುತ್ತದೆ. ಆ ಗೆರೆ ಇದ್ದರೆ, ತೂಕ ಅರವತ್ತು ಗುಲಗಂಜಿ ಬಂದರೆ, ಅಯಸ್ಕಾಂತಕ್ಕೆ ಅಂಟದಿದ್ದರೆ ನಾಣ್ಯ ಸಾಚಾ. ನೂರಕ್ಕೆ ತೊಂಬತ್ತೊಂಬತ್ತು ನಾಣ್ಯಗಳು ಅಷ್ಟರಲ್ಲೇ ತೀರ್ಮಾನವಾಗುತ್ತವೆ. ಅಕ್ಕ ಹೆಸರು ಮಾಡಿದ್ದು ಉಳಿದ ಒಂದರಿಂದ.

ಮೂರು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಕಲಾಯಿ ಹಾಕಲು ದೇವೀರಮ್ಮ ಬರುತ್ತಿದ್ದಳು. ಐವತ್ತೆರಡು ವರ್ಷದ ಗಟ್ಟಿಮುಟ್ಟಾದ ಹೆಂಗಸು. ತಿದಿ ಒತ್ತುವುದು, ಪಾತ್ರೆ ಕಾಯಿಸುವುದು, ತವರ ಒರೆಸುವುದು ಎಲ್ಲ ಒಬ್ಬಳೇ. ಅವಳ ಹೆಸರು ಚಾವಡಿಯ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹದಿನಾರನೇ ವಯಸ್ಸಿಗೆ ಅವಳು ಚಾವಡಿಯಲ್ಲಿ ನಾಣ್ಯ ಬೀಳಿಸಿದಾಗ ಅದು ಬೇರೆ ನಾಣ್ಯಗಳಂತೆ ನುಡಿಯದೆ ತೀರ ತೆಳ್ಳಗೆ, ಮೇಲಿನ ಸ್ವರದಲ್ಲಿ ನುಡಿದಿತ್ತಂತೆ. ಅಪ್ಪ ಅದನ್ನು ಪರೀಕ್ಷಿಸಿದರು. ಅಂಚಿನಲ್ಲಿ ಕೆಂಪು ಗೆರೆ ಇರಲಿಲ್ಲ, ಅಯಸ್ಕಾಂತಕ್ಕೆ ಗಪ್ಪನೆ ಅಂಟಿಕೊಂಡಿತು. ಕಬ್ಬಿಣಕ್ಕೆ ಬಿಳಿ ಬಳಿದ ಖೋಟಾ ಎಂದು ಅಪ್ಪ ಹೇಳಿದರು. ಆಗೆಲ್ಲ ಹೊರಗಿನ ಸಂಗ್ರಹಕಾರರು ಇನ್ನೂ ಸದ್ದು ಮಾಡುವ ನಾಣ್ಯಗಳಿಗೆ ಕೈತುಂಬ ಕೊಡುತ್ತಿದ್ದರು. ಹೊನ್ನಾಜಮ್ಮ ಮಗಳ ನಾಣ್ಯ ಮಾರಿಕೊಂಡು ಖೋಟಾ ಮಾಡಿಸಿ ಇಟ್ಟಿದ್ದಾಳೆ ಎಂದು ಊರೇ ಮಾತಾಡಿತು. ಹೊನ್ನಾಜಮ್ಮ ಎಂದರೆ ದೇವೀರಮ್ಮನ ತಾಯಿ. ಆಕೆ ಆಮೇಲೆ ನಾಲ್ಕು ವರ್ಷ ಬದುಕಿದ್ದಳು, ಮತ್ತೆ ಪೇಟೆಗೆ ಬರಲೇ ಇಲ್ಲ. ಇದೆಲ್ಲ ನಾನು ಹುಟ್ಟುವುದಕ್ಕೂ ಎರಡು ವರ್ಷ ಹಿಂದಿನ ಮಾತು.

ಆ ದಿನ ದೇವೀರಮ್ಮ ನಮ್ಮ ಕೊಳದಪ್ಪಲೆಗೆ ಕಲಾಯಿ ಹಾಕಿ ಮುಗಿಸಿ, ಕೂಲಿ ತೆಗೆದುಕೊಂಡರೂ ಏಳಲಿಲ್ಲ. ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಸಾಂಬಲಿಂಗಪ್ಪ ಅಂಥವರು ಏನನ್ನಾದರೂ ಸುಮ್ಮನೆ ಕೊಂಡುಕೊಳ್ಳುತ್ತಾರೆಯೇ ಎಂದು ದೇವೀರಮ್ಮ ಕೇಳಿದಳು. ಸಾಂಬಲಿಂಗಪ್ಪ ಊರಿನ ದೊಡ್ಡ ಸಂಗ್ರಹಕಾರ, ನಾಲ್ಕು ಬೀರು ತುಂಬ ಮೂಕನಾಣ್ಯ ಇಟ್ಟುಕೊಂಡಿದ್ದಾನೆ. ಅವರ ಮನೆಯಲ್ಲಿ ಕಲಾಯಿ ಹಾಕುವಾಗ ಕುತ್ತಿಗೆಯ ದಾರದಲ್ಲಿದ್ದ ಚೀಲದಿಂದ ಇವಳ ನಾಣ್ಯ ಜಾರಿ ಬಿದ್ದಿತಂತೆ. ಆತ ಎತ್ತಿಕೊಂಡು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, ಎರಡು ಎಮ್ಮೆಯ ಬೆಲೆ ಕೊಡುತ್ತೇನೆ, ಕೊಟ್ಟುಬಿಡು ಎಂದನಂತೆ.

"ಖೋಟಾ ನಾಣ್ಯಕ್ಕೆ ಯಾರಾದ್ರೂ ಎರಡು ಎಮ್ಮೆ ಕೊಡ್ತಾರಾ, ವನಮಾಲಮ್ಮ?" ಎಂದಳು ದೇವೀರಮ್ಮ. "ನಾನು ಬೆಂಕಿ ಮುಂದೆ ಕೂತು ಬದುಕೋಳು. ಮೂವತ್ತಾರು ವರ್ಷದಿಂದ ಇದು ನನ್ನ ಬೆವರಲ್ಲಿ ನೆನೀತಾ ಇದೆ. ಒಂದು ಚುಕ್ಕೆ ತುಕ್ಕು ಹಿಡಿದಿಲ್ಲ. ಕಬ್ಬಿಣ ಹಿಂಗಿರಲ್ಲ. ಅಷ್ಟು ನಂಗೆ ಗೊತ್ತು."

ಅಕ್ಕ ಕೈ ಚಾಚಿದಳು. ಆ ಕೈಗೆ ನಾಣ್ಯ ಕೊಡುವ ಮೊದಲು ದೇವೀರಮ್ಮ ತುಂಬ ಹೊತ್ತು ಯೋಚಿಸಿದಳು ಎಂದು ಅಕ್ಕ ಆಮೇಲೆ ನನಗೆ ಹೇಳಿದಳು.

ನಮ್ಮ ನಡುಮನೆಯಲ್ಲೇ ಪರೀಕ್ಷೆ. ಅಪ್ಪ ಕಿಟಕಿಯ ಪಕ್ಕ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಅಕ್ಕ ಅಂಚು ನೋಡಿದಳು. ಗೆರೆ ಇಲ್ಲ, ಒಂದೇ ಬಿಳುಪು. ಅಯಸ್ಕಾಂತ ತಂದಳು. ನಾಣ್ಯ ಅಂಟಿದ ಸದ್ದು ಕೇಳಿ ಅಪ್ಪ, ಇನ್ನೇನು ನೋಡುವುದಿದೆ, ಎತ್ತಿಡು ಎಂದರು. ಅಕ್ಕ ಎತ್ತಿಡಲಿಲ್ಲ. ತಕ್ಕಡಿಯಲ್ಲಿಟ್ಟಳು. ಸರಿಯಾಗಿ ಅರವತ್ತು ಗುಲಗಂಜಿ. ಇನ್ನೊಂದು ಸಾಚಾ ನಾಣ್ಯದ ಪಕ್ಕ ಇಟ್ಟು ದಪ್ಪವನ್ನೂ ಅಗಲವನ್ನೂ ಅಳೆದಳು. ಎರಡೂ ಒಂದೇ. ಅವಳ ಹುಬ್ಬು ಗಂಟಾಯಿತು. ಕಬ್ಬಿಣ ತಾಮ್ರಕ್ಕಿಂತ ಹಗುರ. ಅಷ್ಟೇ ಗಾತ್ರದ ಕಬ್ಬಿಣದ ಬಿಲ್ಲೆ ಐವತ್ಮೂರು ತೂಗಬೇಕು, ಅರವತ್ತಲ್ಲ.

ಆಮೇಲೆ ನೀರಿನ ಪರೀಕ್ಷೆ. ನಾಣ್ಯವನ್ನು ಕೂದಲೆಳೆಯಲ್ಲಿ ಕಟ್ಟಿ, ತಕ್ಕಡಿಯ ಕೊಕ್ಕೆಗೆ ತೂಗುಹಾಕಿ, ಬಟ್ಟಲಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗುವುದು. ನೀರಿನಲ್ಲಿ ಎಷ್ಟು ತೂಕ ಕಳೆದುಕೊಂಡಿತು ಎಂಬುದರಿಂದ ಲೋಹ ಎಷ್ಟು ಸಾಂದ್ರ ಎಂದು ಗೊತ್ತಾಗುತ್ತದೆ. ಅರವತ್ತು ತೂಗುವ ಕಬ್ಬಿಣವಾದರೆ ಏಳೂವರೆಗಿಂತ ಹೆಚ್ಚು ಕಳೆದುಕೊಳ್ಳಬೇಕು. ಇದು ಆರೂಮುಕ್ಕಾಲು ಮಾತ್ರ ಕಳೆದುಕೊಂಡಿತು. ಅಕ್ಕ ಮೂರು ಸಲ ತೂಗಿದಳು. ಮೂರು ಸಲವೂ ಅಷ್ಟೇ.

ಕೊನೆಗೆ ಅವಳು ನಾಣ್ಯವನ್ನು ನಮ್ಮ ಬಾಗಿಲ ಕಲ್ಲಿನ ಮೇಲೆ ಬೀಳಿಸಿದಳು. ನಾನು ಆಗಷ್ಟೇ ಕೆಲಸದಿಂದ ಬಂದು ಹಿತ್ತಿಲಲ್ಲಿ ಕಾಲು ತೊಳೆಯುತ್ತಿದ್ದೆ. ಸದ್ದು ಕೇಳಿ, ದೋಣಿಬಿಲ್ಲೆ ವಾಪಸ್ ಕೊಡದೆ ಮನೆಯವರೆಗೆ ತಂದವರು ಯಾರು ಎಂದು ಬೈಯುತ್ತ ಹೊರಗೆ ಬಂದೆ. ದೋಣಿ ಹತ್ತುವವರಿಗೆ ನಾನು ಒಂದೊಂದು ಬಿಲ್ಲೆ ಕೊಡುತ್ತೇನೆ, ಹತ್ತುವಾಗ ಅವರು ಅದನ್ನು ಕಲ್ಲುಬಾನಿಗೆ ಹಾಕುತ್ತಾರೆ. ದಿನಕ್ಕೆ ಮುನ್ನೂರು ಸಲ ಕೇಳುವ ಸದ್ದು ಅದು. ಬಾಗಿಲಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು.

"ಇನ್ನೊಂದು ಸಲ ಹೇಳು, ಏನಂದೆ?" ಎಂದಳು.

"ದೋಣಿಬಿಲ್ಲೆ ಸದ್ದು ಅಂದೆ. ಯಾಕೆ?"

ಅಕ್ಕ ಜಗಲಿಯ ಮೇಲೆ ಹಾಗೇ ಕೂತುಬಿಟ್ಟಳು. ದೋಣಿಬಿಲ್ಲೆಯನ್ನೂ ಅದೇ ಟಂಕಸಾಲೆಯಲ್ಲಿ, ಅದೇ ಯಂತ್ರದಲ್ಲಿ ಹೊಡೆಯುವುದು. ಅಳತೆ ಒಂದೇ, ಅಚ್ಚು ಬೇರೆ. ಆದರೆ ಅದು ಮೂರು ಪದರದ್ದಲ್ಲ, ಬರೀ ನಿಕ್ಕಲ್. ಬೇಕೆಂದೇ ಹಾಗೆ ಮಾಡಿದ್ದು: ನೀರಿಗೆ ಬಿದ್ದರೆ ತುಕ್ಕು ಹಿಡಿಯುವುದಿಲ್ಲ, ಜೊತೆಗೆ ದಾರಕ್ಕೆ ಅಯಸ್ಕಾಂತ ಕಟ್ಟಿ ಇಳಿಬಿಟ್ಟರೆ ಎತ್ತಬಹುದು. ಕಬ್ಬಿಣದ ಹಾಗೆಯೇ ನಿಕ್ಕಲ್ಲೂ ಅಯಸ್ಕಾಂತಕ್ಕೆ ಅಂಟುತ್ತದೆ. ತೂಕ ಮಾತ್ರ ತಾಮ್ರದ್ದೇ ಹತ್ತಿರ ಹತ್ತಿರ. ನಾನು ಮರುದಿನ ಪೆಟ್ಟಿಗೆಯಿಂದ ಒಂದು ಬಳಸದ ಬಿಲ್ಲೆ ತಂದುಕೊಟ್ಟೆ. ಗಾಳಿಯಲ್ಲಿ ಅರವತ್ತು, ನೀರಿನಲ್ಲಿ ಆರೂಮುಕ್ಕಾಲು ಕಡಿಮೆ. ದೇವೀರಮ್ಮನ ನಾಮಕರಣದ ದಿನ ಯಾರೋ ಅಚ್ಚು ಹೊಡೆಯುವ ಮೊದಲಿನ ಖಾಲಿ ಬಿಲ್ಲೆಗಳ ಬುಟ್ಟಿಯನ್ನು ಅದಲುಬದಲು ಮಾಡಿದ್ದರು, ಅಷ್ಟೇ.

ಆದರೆ ಅಷ್ಟರಿಂದ ಲೋಹ ಯಾವುದೆಂದು ಸಾಬೀತಾಯಿತೇ ಹೊರತು ನಾಣ್ಯ ಟಂಕಸಾಲೆಯದ್ದೇ ಎಂದು ಆಗಲಿಲ್ಲ. ದೋಣಿಬಿಲ್ಲೆ ಕದ್ದು ಯಾರೋ ಹೊರಗೆ ಅಚ್ಚು ಹಾಕಿಸಿದರು ಎಂದು ನಾಳೆ ಒಬ್ಬರು ಎದ್ದು ಹೇಳಬಹುದು. ಅಕ್ಕ ನಾಣ್ಯವನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲಿನ ಆಲದ ಮರದ ಚಿತ್ರದ ಬುಡದಿಂದ ಅಂಚಿನವರೆಗೆ ಕೂದಲಿನಂಥ ಒಂದು ಉಬ್ಬುಗೆರೆ ಕಂಡಿತು. ಅಚ್ಚು ಬಿರುಕು ಬಿಟ್ಟಾಗ ಹೀಗಾಗುತ್ತದೆ. ಬಿರುಕಿನ ಅಚ್ಚನ್ನು ಟಂಕಸಾಲೆಯವರು ವಾರದೊಳಗೆ ಬದಲಿಸುತ್ತಾರೆ. ಆ ವಾರ ಹೊಡೆದ ಇನ್ನೊಂದು ನಾಣ್ಯದಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಇದ್ದರೆ ಮಾತು ಮುಗಿಯಿತು.

ಅಂಥ ನಾಣ್ಯ ಇರಬಹುದಾದ ಜಾಗ ಒಂದೇ. ಅಕ್ಕ ಸಾಂಬಲಿಂಗಪ್ಪನ ಮನೆಗೆ ಹೋದಳು, ನಾನೂ ಹೋದೆ. ಆತ ಕಾಫಿ ಕೊಟ್ಟು ಉಪಚರಿಸಿದ. ಅಕ್ಕ ದೇವೀರಮ್ಮನ ಹೆಸರು ಎತ್ತಲಿಲ್ಲ. ಇಂಥ ವರ್ಷದ, ಇಂಥ ತಿಂಗಳಿನ ನಾಣ್ಯಗಳು ನಿಮ್ಮಲ್ಲಿ ಎಷ್ಟಿವೆ ಎಂದು ಮಾತ್ರ ಕೇಳಿದಳು. ಸಂಗ್ರಹಕಾರನಿಗೆ ಅಷ್ಟು ಕೇಳಿದರೆ ಸಾಕು. ಬೀರು ತೆರೆದ, ಮಖಮಲ್ಲಿನ ತಟ್ಟೆ ಎಳೆದ, ಒಂದೊಂದರ ಜಾತಕ ಹೇಳಿದ. ಐದನೆಯ ನಾಣ್ಯ, ಹತ್ತು ವರ್ಷದ ಹಿಂದೆ ತೀರಿಕೊಂಡ ಗಾಣಿಗರೊಬ್ಬರದ್ದು, ಅಕ್ಕನ ಕೈಗೆ ಬಂತು. ಮರದ ಬುಡದಿಂದ ಅಂಚಿಗೆ ಕೂದಲಿನಂಥ ಗೆರೆ. ಅವಳು ಅದನ್ನು ಆತನಿಗೆ ತೋರಿಸಿ, ಇದು ನಿಮಗೆ ಮೊದಲೇ ಗೊತ್ತಿತ್ತಲ್ಲವೇ ಎಂದಳು.

ಸಾಂಬಲಿಂಗಪ್ಪ ಸುಳ್ಳು ಹೇಳಲಿಲ್ಲ. ಅವಳ ನಾಣ್ಯ ನೋಡಿದ ದಿನವೇ ಗೊತ್ತಾಯಿತು ಎಂದ. ಲೋಹ ತಪ್ಪಿದ ಸಾಚಾ ನಾಣ್ಯ ಇಡೀ ಸೀಮೆಯಲ್ಲಿ ಇನ್ನೊಂದಿಲ್ಲ, ಅದಕ್ಕೇ ಕೇಳಿದೆ ಎಂದ. ಹಾಗಿದ್ದರೆ ಅವಳಿಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಹೇಳಿದ್ದರೆ ಅವಳು ಕೊಡುತ್ತಿದ್ದಳೇ ಎಂದು ಆತ ನನ್ನನ್ನೇ ಕೇಳಿದ. ಗಾಣಿಗರ ನಾಣ್ಯವನ್ನು ಚಾವಡಿಗೆ ತರಲು ಮಾತ್ರ ಒಪ್ಪಿಕೊಂಡ. ತನ್ನ ಸಂಗ್ರಹವನ್ನು ಊರೆಲ್ಲ ನೋಡುತ್ತದೆ ಎಂಬ ಆಸೆಯೂ ಅದರಲ್ಲಿ ಇತ್ತೆಂದು ನನ್ನ ಊಹೆ.

ಉಳಿದದ್ದು ಅಪ್ಪ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಅವರ ಹಳೆಯ ಪರೀಕ್ಷೆಯ ಪುಸ್ತಕ ತೆಗೆದಳು. ದೇವೀರಮ್ಮನ ಹಾಳೆಯಲ್ಲಿ ಅಪ್ಪನ ದುಂಡು ಅಕ್ಷರ: ಗೆರೆ ಇಲ್ಲ, ಅಂಟುತ್ತದೆ, ತೂಕ ಅರವತ್ತು, ಖೋಟಾ. ಅಕ್ಕ ಅದನ್ನು ಗಟ್ಟಿಯಾಗಿ ಓದಿ, ತೂಕ ಅರವತ್ತು ಎಂಬುದನ್ನು ಇನ್ನೊಂದು ಸಲ ಓದಿದಳು. ಹಿಂದಿನ ರಾತ್ರಿಯ ಊಟದ ಹೊತ್ತಿಗೆ ನಾನೇ ಅವಳೊಡನೆ ಜಗಳವಾಡಿದ್ದೆ. ಅಪ್ಪ ಖೋಟಾ ಎಂದು ಬರೆದ ನಾಣ್ಯಗಳು ಒಟ್ಟು ಹನ್ನೊಂದು. ಒಂದು ತಪ್ಪೆಂದರೆ ಉಳಿದ ಹತ್ತೂ ಎದ್ದು ಬರುತ್ತವೆ, ಮನೆತನದ ಮಾತಿಗೆ ಬೆಲೆ ಇರುವುದಿಲ್ಲ ಎಂದಿದ್ದೆ. ಬರಲಿ, ಹತ್ತನ್ನೂ ತೂಗುತ್ತೇನೆ ಎಂದಿದ್ದಳು ಅಕ್ಕ, ಸಾರು ಬಡಿಸಿಕೊಳ್ಳುತ್ತ.

"ನನ್ನ ಮೇಲೆ ನೀನು ತೀರ್ಪು ಹೇಳ್ತೀಯಾ?" ಎಂದರು ಅಪ್ಪ.

"ನಾಣ್ಯದ ಮೇಲೆ ಹೇಳ್ತೀನಪ್ಪ. ತಕ್ಕಡಿ ಕೊಟ್ಟಾಗ ನೀವೇ ಹೇಳಿದ್ರಿ, ನಾಣ್ಯ ನೋಡು, ತಂದೋರ ಮುಖ ನೋಡಬೇಡ ಅಂತ."

ಅಪ್ಪ ನಾಣ್ಯ ಕೇಳಿ ತೆಗೆದುಕೊಂಡರು. ಹೆಬ್ಬೆರಳಿನಿಂದ ಅಂಚನ್ನು ಸವರಿದರು, ಅಂಗೈಯಲ್ಲಿ ಎರಡು ಸಲ ಕುಲುಕಿದರು. ಅವರ ಅಂಗೈ ಅರ್ಧ ಗುಲಗಂಜಿ ವ್ಯತ್ಯಾಸವನ್ನೂ ಹಿಡಿಯುತ್ತಿತ್ತು. ಮೇಜಿನ ಮೇಲೆ ನಾಣ್ಯ ಇಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ನಾಳೆ ಚಾವಡಿಗೆ ನಾನು ಬರುವುದಿಲ್ಲ ಎಂದಷ್ಟೇ ಹೇಳಿದರು.

ಚಾವಡಿಯಲ್ಲಿ ಜನ ಕಂಬಗಳ ನಡುವೆ ಒತ್ತೊತ್ತಾಗಿ ನಿಂತಿದ್ದರು. ಅಕ್ಕ ಯಾವತ್ತೂ ಜಾಸ್ತಿ ಮಾತಾಡುವವಳಲ್ಲ. ಪಟೇಲರ ಮುಂದೆ ಬಟ್ಟಲು, ತಕ್ಕಡಿ, ಅಯಸ್ಕಾಂತ ಇಟ್ಟು, ಕಬ್ಬಿಣದ ಒಂದು ಬಿಲ್ಲೆ, ಒಂದು ದೋಣಿಬಿಲ್ಲೆ, ದೇವೀರಮ್ಮನ ನಾಣ್ಯ ಮೂರನ್ನೂ ಎಲ್ಲರ ಕಣ್ಣೆದುರು ತೂಗಿದಳು. ಲೆಕ್ಕವನ್ನು ತಾನು ಹೇಳದೆ ಪಟೇಲರಿಂದಲೇ ಓದಿಸಿದಳು. ಗಾಣಿಗರ ನಾಣ್ಯವನ್ನೂ ದೇವೀರಮ್ಮನದ್ದನ್ನೂ ಒಂದೇ ಭೂತಗನ್ನಡಿಯ ಕೆಳಗೆ ಇಟ್ಟು ಸಾಲಾಗಿ ನೋಡಲು ಹೇಳಿದಳು. ಮುದುಕರು, ಹೆಂಗಸರು, ಟಂಕಸಾಲೆಯ ಕೆಲಸದವರು ಒಬ್ಬೊಬ್ಬರೇ ಬಗ್ಗಿ ನೋಡಿ ಪಕ್ಕಕ್ಕೆ ಸರಿದರು. ಕೊನೆಗೆ ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿದಾಗ ಹಿಂದಿನಿಂದ ಯಾರೋ, ಇದು ದಿನಾ ದೋಣಿಕಟ್ಟೇಲಿ ಕೇಳೋ ಸದ್ದಲ್ವಾ ಎಂದರು. ಹೌದು ಎಂದು ಹತ್ತಾರು ಜನ ಒಟ್ಟಿಗೆ ಅಂದರು. ಇಷ್ಟು ವರ್ಷ ಎಲ್ಲರ ಕಿವಿಯಲ್ಲಿದ್ದ ಸದ್ದೇ ಅದು.

ನಾಣ್ಯ ಸಾಚಾ, ಬಿಲ್ಲೆ ತಪ್ಪಿದ್ದು ಟಂಕಸಾಲೆಯದು, ಹುಡುಕದೇ ಹೋದದ್ದು ನಮ್ಮ ಮನೆಯದು ಎಂದು ಅಕ್ಕ ಹೇಳಿ ಕೂತಳು. ಪಟೇಲರು ಒಳ್ಳೆಯವರು. ಪಟ್ಟಿಗೆ ಹೆಸರು ಸೇರಿಸಿದರು, ಕೆಂಪು ಗೆರೆಯ ಹೊಸ ನಾಣ್ಯ ಹೊಡೆಸಿಕೊಡುತ್ತೇವೆ ಎಂದರು. ದೇವೀರಮ್ಮ ಬೇಡ ಎಂದಳು. ಇದೇ ನನ್ನದು, ಇಷ್ಟು ವರ್ಷ ಇದ್ದದ್ದು ಇದೇ ಎಂದಳು. ಸಾಂಬಲಿಂಗಪ್ಪ ಎದ್ದು ನಾಲ್ಕು ಎಮ್ಮೆ ಎಂದ. ಅವಳು ಆತನ ಕಡೆ ತಿರುಗಿಯೂ ನೋಡಲಿಲ್ಲ.

"ನಂಗೆ ಇನ್ನೊಂದು ಆಗಬೇಕು," ಎಂದಳು ಪಟೇಲರಿಗೆ. "ನಮ್ಮವ್ವ ನನ್ನ ನಾಣ್ಯ ಮಾರ್ಕೊಂಡಳು ಅಂತ ಈ ಕಲ್ಲಿನ ಹತ್ರ ನಿಂತು ಹೇಳಿದ್ರು. ಮಾರಲಿಲ್ಲ ಅಂತ ಇಲ್ಲೇ ಹೇಳಬೇಕು. ಹೇಳಿದೋರೇ ಹೇಳಬೇಕು."

ಕಲ್ಲಿನ ಬಳಿ ನಿಂತು ಆ ಮಾತು ಹೇಳಿದವರು ಇಬ್ಬರು. ಒಬ್ಬರು ಆಗಿನ ಪಟೇಲರು, ಅವರ ನಾಣ್ಯ ಮೂಕವಾಗಿ ಇಪ್ಪತ್ತು ವರ್ಷ ಆಗಿದೆ. ಇನ್ನೊಬ್ಬರು ನಮ್ಮಪ್ಪ. ಇಡೀ ಚಾವಡಿ ನನ್ನನ್ನೂ ಅಕ್ಕನನ್ನೂ ನೋಡಿತು.

ನಾನು ಹೆದರಿದ್ದಂತೆಯೇ ಉಳಿದ ಹತ್ತರ ಮಾತೂ ಎದ್ದು ಬಂತು. ಮರುದಿನದಿಂದಲೇ ಅಕ್ಕ ಅವರ ಮನೆಗಳಿಗೆ ಹೇಳಿ ಕಳಿಸಿದಳು. ಏಳು ಮನೆಯವರು ಬಂದರು, ಮೂವರು ಬರಲು ಒಪ್ಪಲಿಲ್ಲ. ಬಂದ ಏಳರಲ್ಲಿ ಐದು ನಿಜಕ್ಕೂ ಖೋಟಾ, ಕಬ್ಬಿಣಕ್ಕೆ ಬಳಿದ ಬಿಳಿ ಈಗ ಚಕ್ಕೆಯೆದ್ದು ಉದುರುತ್ತಿತ್ತು. ಅವರಿಗೂ ಅಕ್ಕ ಮೆತ್ತಗೆ ಅದನ್ನೇ ಹೇಳಿದಳು. ಒಂದರಲ್ಲಿ ಒಂದು ಮೈಯ ಹೊದಿಕೆಯೇ ಕೂತಿರಲಿಲ್ಲ, ಒಂದು ಕಡೆ ಬಿಳಿ, ಇನ್ನೊಂದು ಕಡೆ ಪೂರ್ತಿ ತಾಮ್ರದ ಕೆಂಪು, ತೂಕ ಐವತ್ತು. ಇನ್ನೊಂದು ತೆಳು ತಗಡಿನಲ್ಲಿ ಕತ್ತರಿಸಿದ ಬಿಲ್ಲೆ. ಎರಡೂ ಟಂಕಸಾಲೆಯವೇ. ತೆಳು ನಾಣ್ಯದ ಮುದುಕ ಅದನ್ನು ವಾಪಸ್ ಪಡೆದುಕೊಂಡು, ನಮ್ಮ ಬಾಗಿಲ ಕಲ್ಲಿನ ಮೇಲೆ ಸುಮ್ಮನೆ ಆರೇಳು ಸಲ ಬೀಳಿಸಿ ಬೀಳಿಸಿ ಎತ್ತಿಕೊಂಡು ಹೋದ. ಊರಿನವರು ಅಕ್ಕನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬದಲಿಗೆ ಪಕ್ಕದ ಊರುಗಳಿಂದಲೂ ನಾಣ್ಯ ಬರತೊಡಗಿದವು. ತನ್ನ ಮನೆಯ ತಪ್ಪನ್ನೇ ತೂಗಿದವಳು ನಮ್ಮದನ್ನು ಸರಿಯಾಗಿಯೇ ತೂಗುತ್ತಾಳೆ ಎಂಬ ನಂಬಿಕೆ ಜನಕ್ಕೆ ಹುಟ್ಟಿತ್ತು.

ಅಷ್ಟೂ ದಿನ ಅಪ್ಪ ಕುರ್ಚಿಯಲ್ಲಿ ಕೂತು ಒಂದೊಂದು ನಾಣ್ಯದ ಮಾತನ್ನೂ ಕೇಳಿಸಿಕೊಂಡರು. ಎಂಟನೆಯ ದಿನ ಬೆಳಿಗ್ಗೆ ಶಲ್ಯ ಹೊದ್ದು, ಕೋಲು ಹಿಡಿದು, ಕಲಾಯಿ ದೇವೀರಮ್ಮನ ಮನೆಗೆ ಕರೆದುಕೊಂಡು ಹೋಗು ಎಂದು ನನಗೆ ಹೇಳಿದರು. ನಾಣ್ಯದ ವಿಷಯಕ್ಕೆ ಅಪ್ಪ ಯಾರ ಮನೆಗೂ ಹೋದವರಲ್ಲ. ಊರೇ ಅವರ ಬಳಿಗೆ ಬರುತ್ತಿತ್ತು. ಹೊಳೆದಂಡೆಯ ಇಳಿಜಾರಿನಲ್ಲಿ ಅವಳ ಮನೆ. ಪಟ್ಟಿಯಲ್ಲಿ ಇಲ್ಲದವರಿಗೆ ಬಾಗಿಲ ಕಲ್ಲು ಹಾಕಿಕೊಡುವುದಿಲ್ಲ, ಹೆಸರು ಸೇರಿದ್ದರೂ ಅವಳ ಕಲ್ಲು ಇನ್ನೂ ಬಂದಿರಲಿಲ್ಲ. ಅಪ್ಪ ಅಭ್ಯಾಸಬಲದಿಂದ ನಾಣ್ಯ ಬೀಳಿಸಿದರು. ಅದು ಮಣ್ಣಿನಲ್ಲಿ ಬಿದ್ದು ಸುಮ್ಮನಾಯಿತು. ನಾನು ಎತ್ತಿಕೊಟ್ಟೆ. ಅಪ್ಪನಿಗೆ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಅರವತ್ತೊಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಬಾಗಿಲಲ್ಲಿ ನಿಂತು ಒಬ್ಬರನ್ನು ಕೂಗಿ ಕರೆದಿರಲಿಲ್ಲ. ಗಂಟಲು ಸರಿಮಾಡಿಕೊಂಡು "ದೇವೀರಮ್ಮ" ಎಂದರು. ಕೇಳಿಸಲಿಲ್ಲವೇನೋ ಎಂದು ಇನ್ನೂ ಗಟ್ಟಿಯಾಗಿ ಕೂಗಿದರು.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅಪ್ಪ ಅಲ್ಲಿಯೇ ಹೇಳಲು ಶುರು ಮಾಡಿದರು. ಅವಳು ತಡೆದಳು.

"ಇಲ್ಲಿ ಬೇಡ," ಎಂದಳು. "ಇಲ್ಲಿ ನಮ್ಮವ್ವನ್ನ ಯಾರೂ ಏನೂ ಅಂದಿಲ್ಲ."

ಮೂವರೂ ಚಾವಡಿಯ ಕಡೆ ನಡೆದೆವು. ಅಪ್ಪನ ನಡಿಗೆ ನಿಧಾನ, ದೇವೀರಮ್ಮ ಅವರಿಗಿಂತ ಮುಂದೆ ಹೋಗಲಿಲ್ಲ. ಹಾದಿಯಲ್ಲಿ ಅಪ್ಪ ನಿನ್ನ ತಾಯಿಯ ಹೆಸರೇನು ಎಂದು ಕೇಳಿದರು. ಅವಳು ಹೇಳಿದಳು. ಸಂತೆಗೆ ಹೊರಟವರು ನಮ್ಮನ್ನು ನೋಡಿ ಹಿಂದೆ ಬಂದರು. ಚಾವಡಿ ಮುಟ್ಟುವ ಹೊತ್ತಿಗೆ ನೂರು ಜನ ಆಗಿದ್ದರು. ಅಕ್ಕನಿಗೆ ಯಾರು ಸುದ್ದಿ ಮುಟ್ಟಿಸಿದರೋ, ಅವಳೂ ಬಂದು ಕಂಬದ ಪಕ್ಕ ನಿಂತಿದ್ದಳು. ಅಪ್ಪ ಕಲ್ಲಿನ ಬಳಿ ನಿಂತು ತಮ್ಮ ನಾಣ್ಯ ಬೀಳಿಸಿದರು.

"ಹೊನ್ನಾಜಮ್ಮ ಮಗಳ ನಾಣ್ಯ ಮಾರಲಿಲ್ಲ," ಎಂದರು ಅಪ್ಪ. "ತಕ್ಕಡಿ ಅರವತ್ತು ತೋರಿಸಿತ್ತು. ನಾನು ನೋಡಿದ್ದೆ. ಹೊರಗೆ ಜನ ಕಾಯ್ತಿದ್ರು, ನನಗೆ ಅದು ಮೊದಲನೇ ವರ್ಷ, ಗೊತ್ತಾಗ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಅದಕ್ಕೆ ಖೋಟಾ ಅಂದೆ. ಆಯಮ್ಮನ ಮೇಲೆ ಹಾಕಿದ್ದು ಸುಳ್ಳು."

ಅಕ್ಕ ಮುಂದೆ ಬಂದು ಅವರ ತೋಳು ಹಿಡಿಯಲು ಹೋದಳು, ಅಪ್ಪ ಬೇಡವೆಂದು ಕೈ ಮಾಡಿದರು. ದೇವೀರಮ್ಮ ಜನರನ್ನು ಒಂದು ಸುತ್ತು ನೋಡಿದಳು. ಅವಳ ಕಣ್ಣಲ್ಲಿ ನೀರು ಇರಲಿಲ್ಲ. ಹಿಂದೆ ನಿಂತವರಿಗೆ ಕೇಳಿಸಿಲ್ಲ, ಹೆಸರು ಸೇರಿಸಿ ಇನ್ನೊಂದು ಸಲ ಹೇಳಿ ಎಂದಳು. ಅಪ್ಪ ಶಲ್ಯ ಸರಿಮಾಡಿಕೊಂಡು, ಹಿಂದಿನವರಿಗೂ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದರು.